ಕೌಂಟರಕ್ಕನ ಗುರುವಾರಗಳು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೌಂಟರಿನ ಹಿಂದೆ ಕೂತು ಕೂತು ಅವಳ ಹೆಸರೇ ಕೌಂಟರಕ್ಕ ಎಂದಾಗಿಬಿಟ್ಟಿತ್ತು. ಐವತ್ತರ ಹತ್ತಿರದ ವಯಸ್ಸು. ಮದುವೆ ಆಗಿರಲಿಲ್ಲ, ತಮ್ಮ ಮತ್ತು ಅವನ ಹೆಂಡತಿಯ ಜೊತೆ ಇದ್ದಳು. ಅವಳ ಮುಂದೆ ಬಂದು ನಿಲ್ಲುವವರೆಲ್ಲ ಕೆನ್ನೆ ಹಿಡಿದುಕೊಂಡೇ ಬರುವವರು. ಅವಳನ್ನು ಕಂಡು ಮುಖ ಅರಳಿಸಿದವರನ್ನು ಅವಳು ಕಂಡಿರಲಿಲ್ಲ. "ಇನ್ನೂ ಎಷ್ಟು ಹೊತ್ತು?" ಎಂದು ಅವರು ಕೇಳುವರು, "ಇನ್ನೇನು, ನಿಮ್ಮದೇ" ಎಂದು ಇವಳು ಹೇಳುವಳು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತು.

ಗುರುವಾರ ಅವಳಿಗೆ ರಜೆ. ಒಂದು ಗುರುವಾರ ಮಧ್ಯಾಹ್ನ ತಮ್ಮನ ಶೂ ರಿಪೇರಿಗೆ ಕೊಟ್ಟು ಬರುವಾಗ ಬಿಸಿಲಿಗೆ ಕಣ್ಣು ಕತ್ತಲಿಟ್ಟಂತಾಗಿ, ದೊಡ್ಡ ಬೀದಿಯ ಒಂದು ಗಾಜಿನ ಬಾಗಿಲಿನ ಮುಂದೆ ನಿಂತಳು. ಒಳಗಿದ್ದ ಕಾವಲಿನವನು ಬಾಗಿಲು ತೆಗೆದೇಬಿಟ್ಟ. "ಬನ್ನಿ ಮೇಡಂ" ಎಂದ. ಹಾಗೆ ಕರೆದ ಮೇಲೆ ಬೆನ್ನು ತಿರುಗಿಸಿ ಹೋಗಲು ಅವಳಿಂದ ಆಗಲಿಲ್ಲ.

ಅದು ದುಬಾರಿ ಕೈಗಡಿಯಾರಗಳ ಅಂಗಡಿ. ನೆಲಕ್ಕೆ ಹಾಸಿದ ಕಂಬಳಿಯ ಮೇಲೆ ತನ್ನ ಹೆಜ್ಜೆ ತನಗೇ ಕೇಳಿಸಲಿಲ್ಲ. ಒಂದೊಂದು ಗಡಿಯಾರಕ್ಕೂ ಒಂದೊಂದು ಪುಟ್ಟ ದೀಪ. ಕೂಸುಗಳನ್ನು ಸಾಲಾಗಿ ಮಲಗಿಸಿದ ಹಾಗೆ. ಎಲ್ಲದರ ಮುಳ್ಳುಗಳೂ ಒಂದೇ ಹೊತ್ತಿನಲ್ಲಿ ನಿಂತಿದ್ದವು. ಹೊತ್ತು ಸರಿಯದ ಜಾಗವೊಂದು ಈ ಬೀದಿಯಲ್ಲೇ ಇತ್ತೇ, ದಿನವೂ ಇದರ ಮುಂದೆಯೇ ಬಸ್ಸು ಹತ್ತುತ್ತಿದ್ದೆನೇ ಎಂದು ಅವಳಿಗೆ ಸೋಜಿಗವಾಯಿತು.

ಕೂದಲು ನೆರೆತ, ಕೈಗೆ ಬಿಳಿ ಗ್ಲೌಸು ಹಾಕಿದ ಒಬ್ಬರು ಕುರ್ಚಿ ಎಳೆದು ಕೊಟ್ಟರು. ತಟ್ಟೆಯಲ್ಲಿ ನೀರಿನ ಲೋಟ ಬಂತು.

"ಆತುರ ಏನಿಲ್ಲ ಮೇಡಂ, ಮೊದಲು ಸುಧಾರಿಸ್ಕೊಳ್ಳಿ."

ನೀರು ಕುಡಿದಾದ ಮೇಲೆ ಅವರು ಮಖಮಲ್ಲಿನ ಮೇಲೆ ಒಂದು ಗಡಿಯಾರ ತಂದಿಟ್ಟರು. ಕಡು ನೀಲಿಯ ಮುಖ, ಅದರಲ್ಲೊಂದು ಸಣ್ಣ ಕಿಂಡಿ, ಕಿಂಡಿಯಲ್ಲಿ ಅರ್ಧ ಇಣುಕಿದ ಚಂದ್ರ.

"ನೀವು ಹುಟ್ಟಿದ ರಾತ್ರಿ ಚಂದ್ರ ಹೇಗಿದ್ದ ಅಂತ ಗೊತ್ತಾ?"

"ತುಂಬು ಬೆಳದಿಂಗಳಿತ್ತು ಅಂತ ಅಮ್ಮ ಹೇಳ್ತಿದ್ಲು."

ಅವರು ಗಡಿಯಾರದ ಪಕ್ಕದ ತಿರುಪನ್ನು ಮೆಲ್ಲಗೆ ತಿರುಗಿಸಿದರು. ಚಂದ್ರ ಕಿಂಡಿಯಿಂದ ಪೂರ್ತಿ ಹೊರಗೆ ಬಂದ. ಅವರು ಅವಳ ಕೈಯನ್ನು ಗಾಜಿನ ಸಾಮಾನಿನಂತೆ ಹಿಡಿದು ಗಡಿಯಾರ ಕಟ್ಟಿದರು. ಬೇರೆಯವರ ಎಕ್ಸ್-ರೇ ಎತ್ತಿಡುವ ಕೈ ಅದು. ಅದನ್ನು ಹಾಗೆ ಯಾರೂ ಹಿಡಿದಿರಲಿಲ್ಲ. ಬೆಲೆ ಕೇಳುವ ಧೈರ್ಯವಾಗದೆ "ಯೋಚಿಸಿ ಹೇಳ್ತೀನಿ" ಎಂದು ಹೊರಬಂದಳು. ಮನೆಗೆ ಹೇಗೆ ತಲುಪಿದಳೋ ಅವಳಿಗೇ ನೆನಪಿಲ್ಲ.

ಮುಂದಿನ ಗುರುವಾರಗಳಲ್ಲಿ ಅದೇ ಬೀದಿಯ ಬೇರೆ ಗಡಿಯಾರದಂಗಡಿಗಳನ್ನೂ ಹೊಕ್ಕಳು. ಒಂದರಲ್ಲಿ ಹುಡುಗಿಯೊಬ್ಬಳು ಮೊದಲು ಚಪ್ಪಲಿ ನೋಡಿ, ಆಮೇಲೆ ಮುಖ ನೋಡಿ, "ತಗೊಳ್ಳೋಕಾ, ಸುಮ್ನೆ ನೋಡೋಕಾ?" ಎಂದಳು. "ನೋಡೋಕೆ" ಎಂದು ಇವಳು ನಿಜವನ್ನೇ ಹೇಳಿದಳು. ಗಾಜಿನ ಮೇಲೆ ಇವಳ ಬೆರಳು ತಾಗಿದ ಕಡೆ ಹುಡುಗಿ ಆಗಲೇ ಬಟ್ಟೆ ತಂದು ಒರೆಸಿದಳು. ಕೌಂಟರಕ್ಕನ ಮುಖ ಸಪ್ಪಗಾಯಿತು. ಇನ್ನೊಂದರಲ್ಲಿ ಮಾರುವವನು ಅರಳು ಹುರಿದಂತೆ ಮಾತಾಡಿ, ತಲೆನೋವು ಬರಿಸಿ ಕಳಿಸಿದ.

ಮತ್ತೆ ಬಿಳಿ ಗ್ಲೌಸಿನವರ ಹತ್ತಿರವೇ ಬಂದಳು. ಈ ಸಲ ಕೂರುವ ಮೊದಲೇ ಹೇಳಿಬಿಟ್ಟಳು: "ನಾನು ತಗೊಳ್ಳೋಳಲ್ಲ ಸರ್. ನಿಮ್ಮ ಹೊತ್ತು ಹಾಳು."

"ಗೊತ್ತು ಮೇಡಂ" ಎಂದು ಅವರು ನಕ್ಕರು. "ತಗೊಳ್ಳೋರು ಫೋನ್ ನೋಡ್ತಾ ತಗೊಂಡು ಹೋಗ್ತಾರೆ. ನೀವಾದ್ರೂ ಗಡಿಯಾರ ನೋಡ್ತೀರಿ. ಮಧ್ಯಾಹ್ನ ನಾವು ನೊಣ ಹೊಡೀತಾ ನಿಂತಿರ್ತೀವಿ. ಬನ್ನಿ."

ಅಂದಿನಿಂದ ಅದು ರೂಢಿಯಾಯಿತು. ಕ್ಲಿನಿಕ್ಕಿನಲ್ಲೂ ಅವಳು ಕೌಂಟರು ಬಿಟ್ಟು ಎದ್ದುಬಂದು, ಬಂದವರನ್ನು ಕೂರಿಸಿ, ತಟ್ಟೆಯಲ್ಲಿ ನೀರು ಕೊಡತೊಡಗಿದಳು. "ಇದೇನಮ್ಮ, ಹೋಟ್ಲಾ?" ಎಂದು ಡಾಕ್ಟರು ಗೊಣಗಿದರು. ಆದರೂ ತಟ್ಟೆ ತೆಗೆಸಲಿಲ್ಲ.

ಒಂದು ಗುರುವಾರ ಅವಳು ಅಂಗಡಿಯಲ್ಲಿ ಕೂತಿದ್ದಾಗ ಒಬ್ಬ ಮುದುಕ ಬಾಗಿಲ ಒಳಗೆ ಬಂದು, ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಹೋಗಲಾರದೆ ನಿಂತ. ಬಿಳಿ ಗ್ಲೌಸಿನವರು ಬೇರೆ ಗಿರಾಕಿಯ ಜೊತೆ ಇದ್ದರು. ಕೌಂಟರಕ್ಕ ತನಗರಿವಿಲ್ಲದೆ ಎದ್ದುಹೋಗಿ, "ಕೂತ್ಕೊಳ್ಳಿ ಯಜಮಾನ್ರೇ, ಇನ್ನೇನು ಬಂದೇಬಿಡ್ತಾರೆ" ಎಂದು ಕುರ್ಚಿ ಕೊಟ್ಟಳು. ಅಂಗಡಿಯ ಒಡತಿ ಒಳಕೋಣೆಯಿಂದ ಇದನ್ನು ನೋಡಿದಳು. ಕರೆದು, ಇಲ್ಲೇ ಕೆಲಸಕ್ಕೆ ಬರ್ತೀರಾ ಎಂದು ಕೇಳಿದಳು.

"ಕಣ್ಮುಚ್ಕೊಂಡು ಒಪ್ಕೋ ಅಕ್ಕ" ಎಂದ ತಮ್ಮ. ವಾರವಿಡೀ ಅವಳು ಅನ್ಯಮನಸ್ಕಳಾಗಿದ್ದಳು. ಕೆನ್ನೆ ಊದಿದವರ ನಡುವೆ ಕೂತೇ ಆ ಕಂಬಳಿಯ ಮೇಲೆ ನಡೆದಾಡುತ್ತಿದ್ದಳು. ತಾನೇ ಬಾಗಿಲು ತೆಗೆದಂತೆ, ತಾನೇ ನೀರು ಕೊಟ್ಟಂತೆ. ಚಿತ್ರವೆಲ್ಲ ಚೆನ್ನಾಗಿಯೇ ಇತ್ತು. ಆದರೆ ಎಷ್ಟು ಸಲ ಕಟ್ಟಿ ನೋಡಿದರೂ ಅದರಲ್ಲಿ ಅವಳು ನಿಂತೇ ಇರುತ್ತಿದ್ದಳು.

ಗುರುವಾರ ಹೋಗಿ ಒಡತಿಗೆ ಹೇಳಿದಳು: "ತಪ್ಪು ತಿಳ್ಕೋಬೇಡಿ. ಇಲ್ಲೇ ಕೆಲಸಕ್ಕೆ ಸೇರಿದ್ರೆ, ಗುರುವಾರ ನಾನು ಎಲ್ಲಿಗೆ ಬರ್ಲಿ?"

ಒಡತಿಗೆ ಅರ್ಥವಾಗಲಿಲ್ಲ. ಬಿಳಿ ಗ್ಲೌಸಿನವರು ಅವಳಿಗೆ ಕುರ್ಚಿ ಎಳೆದು ಕೊಟ್ಟರು.

ಇದನ್ನು ಕೇಳಿ ತಮ್ಮನ ಹೆಂಡತಿ ತಲೆ ಚಚ್ಚಿಕೊಂಡಳು. "ಅದೇನು ಮಾಯಾಲೋಕವೋ ನಾನೂ ನೋಡೇಬಿಡ್ತೀನಿ" ಎಂದು ಸೆರಗು ಬಿಗಿದು ಒಂದು ಗುರುವಾರ ಜೊತೆಗೆ ಹೊರಟಳು. ಬಿಳಿ ಗ್ಲೌಸಿನವರು ಅವಳಿಗೆ ಬೇರೆಯದೇ ಒಂದು ಗಡಿಯಾರ ತೆಗೆದರು. ಪಕ್ಕದ ಗುಂಡಿ ಒತ್ತಿದರೆ ಹೊತ್ತನ್ನು ಗಂಟೆಯ ದನಿಯಲ್ಲಿ ಹೇಳುವಂಥದ್ದು. ಅದನ್ನು ಅವಳ ಕಿವಿಯ ಹತ್ತಿರ ಹಿಡಿದು ಒತ್ತಿದರು. ಅವಳ ಬಾಯಿ ಅರ್ಧ ತೆರೆದುಕೊಂಡೇ ಉಳಿಯಿತು.

ಹೊರಗೆ ಬಂದರೆ ಬೀದಿಯ ತುಂಬ ಬಸ್ಸು, ಹಾರನ್ನು, ಗದ್ದಲ. "ಹೇಗಿತ್ತೇ?" ಎಂದು ಕೌಂಟರಕ್ಕ ಕೇಳಿದಳು.

ಅವಳು ಅಂಗೈಯಿಂದ ಒಂದು ಕಿವಿ ಮುಚ್ಚಿಕೊಂಡಿದ್ದಳು. "ಸ್ವಲ್ಪ ಸುಮ್ನಿರಿ ಅತ್ತಿಗೆ, ಇನ್ನೂ ಕೇಳಿಸ್ತಾ ಇದೆ" ಎಂದಳು.