ಔಷಧಿ ಕಾಣಬಾರದ ಸಾಲುಗಳು

ಹಣ್ಣಿಗೆ ಬೂಷ್ಟು ಹಿಡಿದದ್ದು ಕಂಡರೆ ಬದ್ರಿಯ್ಯಾಳಿಗೆ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ಕೈರೋ ಹತ್ತಿರದ ತೂಖ್ ಕಡೆಯ ಸ್ಟ್ರಾಬೆರಿ ಹೊಲದಲ್ಲೇ ಬಾಗಿದ ಬೆನ್ನು ಅವಳದು. ನೆಲಕ್ಕೆ ಬಿದ್ದ ರೊಟ್ಟಿ ಚೂರನ್ನೂ ಎತ್ತಿ, ಮುತ್ತಿಟ್ಟು, ಗೋಡೆಯ ಮೇಲಿಡುವ ಹೆಂಗಸು. ದೇವರು ಕೊಟ್ಟದ್ದು ಕೊಳೆಯಬಾರದು, ಅಷ್ಟೇ ಅವಳ ಧರ್ಮ.

ಬೂಷ್ಟಿಗೆಂದು ವಿಷದ ಔಷಧಿ ಹೊಡೆದು ಹೊಡೆದೇ ಗಂಡ ಎದೆ ಕೆಟ್ಟು ಸತ್ತನೆಂದು ಅವಳು ನಂಬಿದ್ದಳು. ಹಾಗಾಗಿ ಕೃಷಿ ಇಂಜಿನಿಯರ್ ರಿಫತ್ ಮಣ್ಣಿನ ಬ್ಯಾಕ್ಟೀರಿಯಾದಿಂದ ಮಾಡಿದ ಹೊಸ ಔಷಧಿ ಹಿಡಿದು ಬಂದಾಗ ಪರೀಕ್ಷೆಗೆಂದು ಹೊಲವನ್ನೇ ಬಿಟ್ಟುಕೊಟ್ಟಳು. ಸರ್ಕಾರ ಒಪ್ಪದೆ ಅದನ್ನು ತಿನ್ನುವ ಬೆಳೆಗೆ ಮಾರುವಂತಿರಲಿಲ್ಲ. ಒಪ್ಪಬೇಕಾದರೆ ಅರ್ಧ ಸಾಲುಗಳಿಗೆ ಔಷಧಿ, ಇನ್ನರ್ಧಕ್ಕೆ ಬರೀ ನೀರು ಹೊಡೆದು, ವ್ಯತ್ಯಾಸವನ್ನು ಸಮಿತಿಗೆ ತೋರಿಸಬೇಕು. ನೀರಿನ ಸಾಲು ಕೊಳೆತರೆ ಕೊಳೆಯಲಿ ಎಂದು ಹೇಳಿ ರಿಫತ್ ಹೋದ. ಯಾಕೆಂದು ಬಿಡಿಸಿ ಹೇಳಲು ಆ ಪುಣ್ಯಾತ್ಮನಿಗೆ ಪುರುಸೊತ್ತಿರಲಿಲ್ಲ.

ಚಳಿಗಾಲದ ಮಂಜಿಗೆ ನೀರಿನ ಸಾಲುಗಳು ಬೂದಿ ಬಣ್ಣಕ್ಕೆ ತಿರುಗತೊಡಗಿದವು. ಒಂದು ಮಗುವಿಗೆ ಉಣಿಸಿ ಇನ್ನೊಂದನ್ನು ಉಪವಾಸ ಕೆಡವಿದಂತೆ ಅವಳಿಗೆ ಸಂಕಟವಾಯಿತು. ಉಳಿದಿದ್ದ ಔಷಧಿಯನ್ನು ಆ ಸಾಲುಗಳಿಗೂ ಹೊಡೆದಳು. ಗಿಡಗಳು ಚೇತರಿಸಿಕೊಂಡವು. ಯಾರಿಗೂ ಹೇಳಲಿಲ್ಲ, ಹೇಳಬೇಕಾದ ವಿಷಯವೆಂದೇ ಅನ್ನಿಸಿರಲಿಲ್ಲ.

ಸಮಿತಿಯವರು ಬಂದರು, ಎರಡೂ ಕಡೆಯ ಹಣ್ಣು ಚಪ್ಪರಿಸಿ ತಿಂದರು, ಔಷಧಿಗೂ ನೀರಿಗೂ ವ್ಯತ್ಯಾಸವಿಲ್ಲವೆಂದು ಅರ್ಜಿ ತಳ್ಳಿಹಾಕಿದರು. ಬದುವಿನ ಮೇಲೆ ಕುಸಿದು ಕೂತ ರಿಫತ್‌ನನ್ನು ನೋಡಿದಾಗಲೇ ಬದ್ರಿಯ್ಯಾಳಿಗೆ ತಾನು ಮಾಡಿದ್ದೇನೆಂದು ಹೊಳೆಯಿತು.

ಮರುದಿನವೇ ಕೈರೋಗೆ ಹೋಗಿ, ಎಲ್ಲ ಸಾಲಿಗೂ ಔಷಧಿ ಹೊಡೆದವಳು ತಾನೇ ಎಂದು ಸಮಿತಿಯ ಅಧಿಕಾರಿಯ ಮುಂದೆ ಹೇಳಿದಳು. ಆತ ಚಹಾ ತರಿಸಿಕೊಟ್ಟ, ಹಿರಿಯ ಹೆಂಗಸರನ್ನು ಕರೆಯುವಂತೆ ಗೌರವದಿಂದ 'ಹಜ್ಜಾ' ಎಂದೇ ಮಾತಾಡಿಸಿದ.

"ಹಾಗಾದ್ರೆ ಪರೀಕ್ಷೇಲಿ ಮೋಸ ಆಗಿದೆ ಅಂತಾಯ್ತಲ್ಲ, ಹಜ್ಜಾ. ಇನ್ನು ರಿಫತ್ ಮತ್ತೆ ಅರ್ಜಿ ಹಾಕೋ ಹಾಗೂ ಇಲ್ಲ."

"ಮೋಸ ಎಲ್ಲಿ ಬಂತಪ್ಪ? ಸಾಯೋ ಗಿಡ ಉಳಿಸ್ದೆ. ಔಷಧಿ ಕೆಲಸ ಮಾಡತ್ತೋ ಇಲ್ವೋ ಅಂತ ತಾನೇ ನೀವು ಕೇಳಿದ್ದು?"

"ಉಳಿಸಿದ್ದೇ ತಪ್ಪು, ತಾಯಿ."

ಮೆತ್ತಗೆ ಹೇಳಿ ಆತ ಕಡತ ಮುಚ್ಚಿದ. ಸತ್ಯ ಹೇಳಲು ಹೋಗಿ ಆ ಹುಡುಗನ ಕತ್ತಿಗೆ ತಾನೇ ಹಗ್ಗ ಬಿಗಿದು ಬಂದಿದ್ದಳು. ಆಮೇಲೆ ರಿಫತ್ ಅವಳ ಫೋನು ಎತ್ತಲಿಲ್ಲ.

ಮುಂದಿನ ಚಳಿಗೆ ಬೂಷ್ಟು ಮತ್ತೆ ಬಂತು. ಬದ್ರಿಯ್ಯಾ ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಸರ್ಕಾರ ಒಪ್ಪಿದ ವಿಷವನ್ನೇ ಹೊಡೆದಳು. ಹಣ್ಣು ಫಳಫಳ ಹೊಳೆಯಿತು. ಒಂದನ್ನೂ ಬಾಯಿಗಿಡದೆ, ಎಲ್ಲವನ್ನೂ ಕೈರೋ ಪೇಟೆಗೆ ಕಳಿಸಿದಳು.