‘ನಂದು’ ಎನ್ನದ ವೈನಿ

ಹೋದ ತಿಂಗಳು ಗೋಕಾಕಕ್ಕೆ ಹೋದಾಗ ಹರಿದುಹೋಗಿದ್ದ ಒಂದು ಪುರಾಣದ ಪುಸ್ತಕಕ್ಕೆ ರಟ್ಟು ಹಾಕಿಸಲು ಕೊಟ್ಟೆ. ಅಂಗಡಿಯ ಹಿಂದೆ ಸಣ್ಣ ಉರಿಯ ಮೇಲೆ ಹುಣಸೆ ಬೀಜದ ಅಂಟು ಕುದಿಯುತ್ತಿತ್ತು. ಈಗ ಡಬ್ಬಿಯ ಗೋಂದು ಸಿಗುವಾಗ ಅದನ್ನು ಕಾಯಿಸುವವರು ಯಾರು? ಆ ಅಂಗಡಿಯ ಮುದುಕ ಮಾತ್ರ ಬಿಟ್ಟಿರಲಿಲ್ಲ. ಹುರಿದ ಬೀಜದ ಕಮಟು, ಅದರ ಬೆನ್ನಿಗೇ ಹುಳಿತ ಗಂಜಿಯಂಥ ವಾಸನೆ... ಪುಸ್ತಕ ಯಾವಾಗ ಕೊಡುತ್ತೀರಿ ಎಂದು ಕೇಳುವುದನ್ನೂ ಮರೆತು ನಿಂತುಬಿಟ್ಟೆ. ಎದುರು ಮನೆಯ ವೈನಿಯ ಸೆರಗಿಗೆ ಸದಾ ಇದೇ ವಾಸನೆ ಇರುತ್ತಿತ್ತು.

ನಾನು ಹುಕ್ಕೇರಿಯ ಹುಡುಗಿ. ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷವಾದ ಮೇಲೆ ಮದುವೆಯಾಗಿ ಗೋಕಾಕಕ್ಕೆ ಬಂದೆ. ನಮ್ಮ ಓಣಿಯಲ್ಲಿ ಬಣ್ಣದ ಹಣ್ಣು, ಗೊಂಬೆ ಮಾಡುವ ಒಂದು ಮನೆಯಿತ್ತು. ಆ ಮನೆಯ ಯಜಮಾನರನ್ನು ಎಲ್ಲರೂ ಅಣ್ಣಾರು ಎನ್ನುತ್ತಿದ್ದರು. ಅವರ ಹೆಂಡತಿ ಹಾಗಾಗಿ ಇಡೀ ಓಣಿಗೆ ವೈನಿ, ಅಂದರೆ ಅತ್ತಿಗೆ. ಅಣ್ಣಾರು ಹಗುರವಾದ ಕಟ್ಟಿಗೆ ಕೆತ್ತಿ ಮಾವು, ಬಾಳೆ, ಸೀತಾಫಲದ ಆಕಾರ ಕೊಡುತ್ತಿದ್ದರು. ವೈನಿ ಅಂಟು ಕಾಯಿಸಿ, ಬಿಳಿ ಮಣ್ಣು ಸವರಿ, ಬಣ್ಣ ಬರೆಯುತ್ತಿದ್ದರು. ಅಣ್ಣಾರಿಗೆ ಕಣ್ಣು ಮಂಜಾಗಿ ಎಷ್ಟೋ ಕಾಲವಾಗಿತ್ತು. ಅವರು ಕುಂಚ ಹಿಡಿದದ್ದನ್ನು ನಾನಂತೂ ನೋಡಲಿಲ್ಲ. ಆದರೆ ಕೊಳ್ಳಲು ಬಂದವರು ಹಣ್ಣನ್ನು ಕೈಯಲ್ಲಿ ತಿರುಗಿಸಿ, ಅಣ್ಣಾರ ಕೈಯೇ ಕೈ ಎನ್ನುತ್ತಿದ್ದರು. ಒಳಗೆ ಪಡಸಾಲೆಯಲ್ಲಿ ಕೂತ ವೈನಿ ಅದನ್ನು ಕೇಳಿ ನಗುತ್ತಿದ್ದರು. ಸಂತೋಷದ ನಗೆಯೇ ಅದು.

ಒಂದು ಸಲ ಅವರು ಪೇರಲಹಣ್ಣಿಗೆ ಬಣ್ಣ ಬರೆಯುತ್ತಿದ್ದಾಗ ನಾನು ಪಕ್ಕದಲ್ಲಿದ್ದೆ. ಹಸಿರು, ಹಳದಿ ಎಲ್ಲ ಮುಗಿದ ಮೇಲೆ ತುಸು ಯೋಚಿಸಿ, ಒಂದು ಬದಿಗೆ ಗಿಳಿ ಕುಕ್ಕಿದ ಗುರುತು ಬರೆದರು. ಒಳಗಿನ ಕೆಂಪು ತಿರುಳು, ಎರಡು ಮೂರು ಬೀಜ. ಹಾಳು ಮಾಡಿಬಿಟ್ಟಿರಲ್ಲ ಎಂದು ನಾನೆಂದೆ. ಗಿಳಿ ಕುಕ್ಕಿದ ಹಣ್ಣೇ ರುಚಿ, ಜನಕ್ಕೆ ಅದು ಗೊತ್ತು ಎಂದರು ವೈನಿ. ಮುಂದಿನ ಸಂತೆಯಲ್ಲಿ ಮೊದಲು ಹೋದದ್ದು ಅದೇ. ಆಮೇಲೆ ಎಲ್ಲರಿಗೂ ಕುಕ್ಕಿದ ಪೇರಲವೇ ಬೇಕಾಯಿತು.

ಬೇರೆಯವರ ವಿಷಯಕ್ಕೆ ಬಂದರೆ ವೈನಿಯಷ್ಟು ಧೈರ್ಯದ ಹೆಂಗಸು ನಮ್ಮ ಓಣಿಯಲ್ಲಿರಲಿಲ್ಲ. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುವ ಮೊದಲೇ ಮದುವೆಯಾಗಿತ್ತು. ಆ ಪರೀಕ್ಷೆ ಪಾಸಾದರೆ ಸಾಲಿಯಲ್ಲಿ ಮಾಸ್ತರಿಕೆ ಸಿಗುವ ಕಾಲ. ಒಮ್ಮೆ ಮಾತಿಗೆ ಮಾತು ಬಂದು ಇದನ್ನು ಹೇಳಿಕೊಂಡೆ. ಮಗಳು ಆಗಿನ್ನೂ ಮೊಲೆ ಬಿಟ್ಟಿರಲಿಲ್ಲ, ಅತ್ತೆಗೆ ಸೊಸೆ ಓದುವುದೆಂದರೆ ಆಗದು, ನನ್ನಿಂದಂತೂ ಆಗುವುದೇ ಇಲ್ಲ ಎಂದೆ.

“ಕೇಳಿದ್ರ ಏನ ಹೋಗತೈತಿ ತಂಗಿ? ಇಲ್ಲ ಅಂದ್ರ ಇದ್ದಲ್ಲೇ ಇರತಿ” ಎಂದರು.

ಅಷ್ಟಕ್ಕೇ ಬಿಡಲಿಲ್ಲ. ಮರುದಿನ ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ನಮ್ಮ ಮನೆಗೆ ಬಂದು ಅತ್ತೆಯ ಜೊತೆ ಸುಲಿಯುತ್ತ ಕೂತರು. ಅದೇನು ಹೇಳಿದರೋ, ಸಂಜೆ ಅತ್ತೆಯೇ ನನ್ನ ಗಂಡನಿಗೆ, ಪುಸ್ತಕ ತಂದುಕೊಡು ಎಂದರು. ಓದುವಾಗ ಮಗಳು ವೈನಿಯ ತೊಡೆಯ ಮೇಲೆ ಬೆಳೆದಳು. ಪರೀಕ್ಷೆಗೆ ಹುಕ್ಕೇರಿಗೆ ಹೊರಟ ದಿನ ವೈನಿ ಬಸ್ಸಿನವರೆಗೂ ಬಂದರು. ಬಸ್ಸಿನ ಕಿಟಕಿಯ ಹತ್ತಿರ ನಿಂತು, ಬರೆಯುವಾಗ ಬೇರೆ ಯಾರನ್ನೂ ನೋಡಬೇಡ, ನಿನಗೆ ಬರುತ್ತದೆ ಎಂದಷ್ಟೇ ತಿಳಿದುಕೋ ಎಂದರು. ನಾನು ಪಾಸಾದೆ. ಓಣಿಗೆಲ್ಲ ಬೆಲ್ಲ ಹಂಚಿದವರು ವೈನಿ.

ಅದಾದ ಮರುವರ್ಷ ಅಣ್ಣಾರು ಕಾಯಿಲೆ ಬಿದ್ದರು. ನೋಡಲು ಹೋದಾಗ ಒಂದು ದಿನ, ವೈನಿ ನೀರಿಗೆ ಹೋಗಿದ್ದ ಹೊತ್ತು, ನನ್ನನ್ನು ಹತ್ತಿರ ಕರೆದರು. “ಬಣ್ಣೆಲ್ಲಾ ಅಕಿದವಾ. ನಾ ನಾಕ ಮಂದಿ ಮುಂದ ಹೇಳಾಕ ಹೋದ್ರ ಸಿಟ್ಟಿಗೇಳತಾಳ” ಎಂದರು. ಮುಂದೆ ಏನೋ ಹೇಳುವವರಿದ್ದರು, ಕೆಮ್ಮು ಬಂತು... ಆ ಮಳೆಗಾಲ ಕಳೆಯುವಷ್ಟರಲ್ಲಿ ಅವರು ಹೋಗಿಬಿಟ್ಟರು.

ವೈನಿಗೆ ಇದ್ದವಳು ಒಬ್ಬಳೇ ಮಗಳು, ಅಂಕಲಗಿಗೆ ಕೊಟ್ಟಿತ್ತು. ಮನೆಯಲ್ಲಿ ಮೈದುನ ಇದ್ದ. ಅಣ್ಣನಿಂದ ಕೆತ್ತನೆ ಕಲಿತವನು, ಬಣ್ಣ ಅರ್ಧಂಬರ್ಧ ಬರುತ್ತಿತ್ತು. ಅವನು ಕೆತ್ತಿದ್ದಕ್ಕೆ ವೈನಿ ಬಣ್ಣ ಬರೆಯುತ್ತಿದ್ದರು. ಆಗಲೂ ಅವರ ಬಾಯಲ್ಲಿ ಅದೇ ಮಾತು: ಅವರು ಹಾಕಿಕೊಟ್ಟ ದಾರಿ, ನನ್ನದೇನಿದೆ.

ಆ ಹೊತ್ತಿಗೆ ಸರ್ಕಾರದವರು ಊರಲ್ಲಿ ಗೊಂಬೆ ಕೆಲಸ ಕಲಿಸುವ ತರಗತಿ ತೆರೆಯುತ್ತಾರೆಂಬ ಸುದ್ದಿ ಬಂತು. ಬಣ್ಣ ಕಲಿಸಲು ಒಬ್ಬರು ಬೇಕಿತ್ತು. ತಿಂಗಳ ಪಗಾರ, ಹೆಂಗಸರಾದರೂ ನಡೆಯುತ್ತದೆ ಎಂದಿದ್ದರು. ನನಗೆ ಕುಣಿಯುವಷ್ಟು ಖುಷಿ. ವೈನಿ ಹೇಳಿದ್ದನ್ನೇ ವೈನಿಗೆ ತಿರುಗಿ ಹೇಳಿದೆ, ಕೇಳಿದರೆ ಏನು ಹೋಗುತ್ತದೆ ಎಂದು. ಅವರು ನಕ್ಕು ಮಾತು ಮರೆಸಿದರು. ನಾನು ಬಿಡಲಿಲ್ಲ. ಕೊನೆಗೆ, ನೀನೂ ಬಂದರೆ ಬರುತ್ತೇನೆ ಎಂದರು. ಬುಟ್ಟಿಯಲ್ಲಿ ಹಣ್ಣುಗಳನ್ನು ಹಳೆಯ ಸೀರೆಯಲ್ಲಿ ಸುತ್ತಿಟ್ಟುಕೊಂಡು ಹೊರಟೆವು. ಮೈದುನನೂ ತಾನು ಮಾಡಿದ್ದನ್ನು ತೆಗೆದುಕೊಂಡು ಬಂದಿದ್ದ.

ಆರಿಸಲು ಬಂದಿದ್ದ ಸಾಹೇಬರು ಕೆಟ್ಟವರಲ್ಲ. ಧಾರವಾಡದ ಕಡೆಯವರು, ಮೆತ್ತಗೆ ಮಾತಾಡುತ್ತಿದ್ದರು. ಬುಟ್ಟಿ ಬಿಚ್ಚಿದ್ದೇ ಅವರ ಕೈ ನೇರವಾಗಿ ಕುಕ್ಕಿದ ಪೇರಲಕ್ಕೆ ಹೋಯಿತು. ಮೂಗಿನ ಹತ್ತಿರ ಹಿಡಿದರು. ಆಮೇಲೆ ತಮಗೇ ನಗು ಬಂದು ಕೆಳಗಿಟ್ಟರು.

“ಇದನ್ನ ಬರದವರು ಯಾರು?” ಎಂದು ಕೇಳಿದರು.

“ನಮ್ಮ ಮನಿಯವರ್ರಿ” ಎಂದರು ವೈನಿ.

ಅವರೆಲ್ಲಿ ಎಂದು ಸಾಹೇಬರು ಕೇಳಿದರು. ತೀರಿಹೋದರು ಎಂದು ವೈನಿ ಹೇಳಿದರು. ನನಗೆ ತಡೆಯಲಾಗಲಿಲ್ಲ. ಇಲ್ಲ, ಇದೆಲ್ಲ ಇವರದೇ ಕೈ, ನಾನು ಕಣ್ಣಾರೆ ಕಂಡಿದ್ದೇನೆ ಎಂದೆ. ಸಾಹೇಬರು ವೈನಿಯ ಮುಖ ನೋಡಿದರು. ವೈನಿ ನೆಲ ನೋಡುತ್ತಿದ್ದರು.

“ಅಕಿಗೆ ಗೊತ್ತಿಲ್ರಿ. ನಾ ಬರೇ ಬಣ್ಣ ಅರದ ಕೊಡತಿದ್ನಿ.”

ಸಾಹೇಬರು ಆದರೂ ಕುಂಚ, ಬಣ್ಣದ ಬಟ್ಟಲು ಮುಂದಿಟ್ಟು, ಒಂದು ಎಲೆಯನ್ನಾದರೂ ಬರೆದು ತೋರಿಸಿ ಎಂದರು. ವೈನಿಯ ಕೈ ಸೆರಗಿನೊಳಗಿಂದ ಹೊರಗೆ ಬರಲಿಲ್ಲ. ನನಗ ಬರೂದಿಲ್ರಿ, ಎಂದರು. ಅದೂ ಮೆಲ್ಲಗೆ... ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

ಅವರ ಹಿಂದೆ ಮೈದುನ ಹೋದ. ನೆರಳು ಕೊಡುವುದು ಬರುತ್ತದೆಯೇ, ಹಳದಿಯಲ್ಲಿ ಕೆಂಪು ಕರಗಿಸುವುದು ಬರುತ್ತದೆಯೇ ಎಂದು ಕೇಳಿದ್ದಕ್ಕೆಲ್ಲ ಬರತೈತ್ರಿ ಎಂದ. ಅವನ ಕೈ ಎಷ್ಟೆಂದು ನನಗೆ ಗೊತ್ತಿತ್ತು. ಆದರೆ ಹೇಳುವಾಗ ಎದೆ ಮುಂದಿಟ್ಟು ಹೇಳಿದ, ಕುಂಚ ಕೊಟ್ಟಾಗ ಹೆದರದೆ ಎಳೆದ. ಕೆಲಸ ಅವನಿಗಾಯಿತು.

ಅವನ ಮೇಲೆ ನನಗೆ ಸಿಟ್ಟಿಲ್ಲ. ಅದೇ ಸಂಜೆ ಬಂದು ವೈನಿಯ ಮುಂದೆ ಕೂತು, ಬಾರದ್ದನ್ನೂ ಬರುತ್ತದೆ ಎಂದು ಹೇಳಿ ಬಂದಿದ್ದೇನೆ, ಈಗ ನೀವೇ ಕಲಿಸಬೇಕು ಎಂದ. ವೈನಿ ಕಲಿಸಿದರು. ಎಷ್ಟು ಉತ್ಸಾಹದಿಂದ! ಇವತ್ತು ಅವರು ಹೇಳಿಕೊಟ್ಟದ್ದು ನಾಳೆ ತರಗತಿಯಲ್ಲಿ ಪಾಠವಾಗುತ್ತಿತ್ತು. ಅವನು ದುಡಿದ, ಕಲಿತ, ಖರೆಯೇ ಒಳ್ಳೆಯ ಕೆಲಸಗಾರನಾದ. ದಿಲ್ಲಿಯ ಪ್ರದರ್ಶನಕ್ಕೂ ಹೋಗಿಬಂದ. ಹೋಗುವಾಗ ವೈನಿಯನ್ನು ಕರೆದನಂತೆ. ಹಣ್ಣು ಹೋದರೆ ಸಾಕು, ನಾನೇಕೆ ಎಂದರಂತೆ.

ನನಗೆ ಮೂಡಲಗಿಯ ಹೆಣ್ಣುಮಕ್ಕಳ ಸಾಲಿಯಲ್ಲಿ ನೌಕರಿ ಸಿಕ್ಕಿತು. ಹೋಗಿ ಬಂದು ಮಾಡುವುದು ಕಷ್ಟವಾಗಿ ಸಂಸಾರವನ್ನೇ ಅಲ್ಲಿಗೆ ಒಯ್ದೆವು. ಗೋಕಾಕಕ್ಕೆ ಬಂದಾಗಲೆಲ್ಲ ವೈನಿಯ ಮನೆಗೆ ಹೋಗುತ್ತಿದ್ದೆ. ಅವರ ಕಣ್ಣಿಗೂ ಪೊರೆ ಬರತೊಡಗಿತ್ತು. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂತಿದ್ದಾಗ, ಎಷ್ಟೋ ವರ್ಷ ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. ಅವತ್ತು ಸಾಹೇಬರ ಮುಂದೆ ಯಾಕೆ ಹಾಗೆ ಹೇಳಿದಿರಿ ಎಂದೆ.

ವೈನಿ, ತಾವು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಹೇಳಿದ್ದನ್ನು ನೆನೆದರು. ಹೆಂಗಸಿನ ಕೈ ಎಂದು ಗೊತ್ತಾದರೆ ಹಣ್ಣು ಯಾರೂ ಕೊಳ್ಳುವುದಿಲ್ಲ, ಕೇಳಿದವರಿಗೆಲ್ಲ ಗಂಡನದೆಂದೇ ಹೇಳು ಎಂದಿದ್ದರಂತೆ. ಹಾಗೇ ಹೇಳುತ್ತ ಬಂದೆ ಎಂದರು.

“ಅವತ್ತ ಖರೆ ಹೇಳಬೇಕಂತನ ಹೋಗಿದ್ನಿ ತಂಗಿ. ಬಾಯಿಗೆ ಬರಲಿಲ್ಲ. ನಂದು ಅನ್ನೂ ಮಾತ ನಾ ಎಂದೂ ಆಡಿದಾಕಿ ಅಲ್ಲ.”

ನನಗೆ ‘ಬರುತ್ತದೆ’ ಎಂಬ ಮಾತನ್ನು ಕಲಿಸಿದವರು ಅವರು. ಅವರಿಗೆ ಅದನ್ನು ಕಲಿಸುವವರು ಯಾರೂ ಇರಲಿಲ್ಲ. ಕಲಿಸಲು ಹೋದ ನಾನು ತಡವಾಗಿ ಹೋಗಿದ್ದೆ. ಅವರ ಕೈ ಹಿಡಿದುಕೊಂಡು ಕೂತೆ. ಉಗುರಿನ ಸಂದಿನಲ್ಲಿ ಹಳದಿ ಇತ್ತು...

ಕೊನೆಗೆ ಅವರು ಅಂಕಲಗಿಗೆ, ಮಗಳ ಮನೆಗೆ ಹೋದರು. ತೀರಿಹೋದ ಸುದ್ದಿ ನನಗೆ ಮುಟ್ಟಿದಾಗ ದಿನಕರ್ಮವೂ ಮುಗಿದಿತ್ತು. ಮೂಡಲಗಿಯ ಸಾಲಿಯಲ್ಲಿ ಆ ದಿನ ನಾನು ಪಾಠ ಮಾಡಲಿಲ್ಲ. ಹುಡುಗಿಯರಿಗೆ ಚಿತ್ರ ಬರೆಯಲು ಹೇಳಿ, ಒಬ್ಬೊಬ್ಬಳನ್ನೇ ಎಬ್ಬಿಸಿ, ಇದನ್ನು ಬರೆದವರು ಯಾರು ಎಂದು ಕೇಳಿದೆ. ನಾನ್ರಿ ಅಕ್ಕೋರ, ಎಂದು ಅವರು ಸಲೀಸಾಗಿ ಹೇಳುತ್ತ ಹೋದರು. ಒಬ್ಬಳು ಮಾತ್ರ ಸುಮ್ಮನೆ ನಿಂತಳು. ಅವಳು ಹೇಳುವವರೆಗೆ ನಾನು ಕಾದೆ.

ಹೋದ ತಿಂಗಳು ರಟ್ಟಿನ ಅಂಗಡಿಯಿಂದ ನೇರ ಹಳೆಯ ಓಣಿಗೆ ಹೋದೆ. ವೈನಿಯ ಮನೆ ಇದ್ದಲ್ಲಿ ಈಗ ಎರಡು ಅಂತಸ್ತಿನ ಕಟ್ಟಡ. ಬಾಗಿಲಲ್ಲಿದ್ದ ಹೊಸ ಸೊಸೆಯಂಥ ಹುಡುಗಿ, ಯಾರು ಬೇಕಿತ್ತೆಂದು ಕೇಳಿದಳು. ಇಲ್ಲಿ ಮೊದಲು ಬಣ್ಣದ ಹಣ್ಣು ಮಾಡುವವರ ಮನೆ ಇತ್ತು ಎಂದೆ.

“ಹೌದೇನ್ರಿ? ಯಾರ ಮಾಡತಿದ್ರರಿ, ಆ ಮನಿ ಯಜಮಾನ್ರ?”

“ಕಟಿಗಿ ಕೆಲಸ ಅವರದವಾ. ಬಣ್ಣ ಅವರ ಹೆಂಡ್ತಿದು” ಎಂದೆ.

ಹುಡುಗಿ ತಲೆಯಾಡಿಸಿದಳು. ಒಳಗೆ ಕೂಸು ಅತ್ತಿತು, ಹೋದಳು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಆ ಮಾತನ್ನು ಆಡಬೇಕಾಗಿದ್ದವರು ನಾನಲ್ಲ.