ನಡುವಿನ ಕಪಾಟು

ಪುತ್ತೂರಿನ ಗ್ರಂಥಾಲಯದಲ್ಲಿ ನಾನು ಪುಸ್ತಕಗಳಿಗೆ ವರ್ಗಸಂಖ್ಯೆ ಬರೆಯುತ್ತಿದ್ದ ಕಾಲ. ಕಡಬದ ಕಡೆಯವರೊಬ್ಬರು ಬಂದು ಡಾಕ್ಟರರ ಚೀಟಿ ಕೊಟ್ಟರು. ಮೂರು ವರ್ಷದ ಮಗಳಿಗೆ ಇನ್ನೂ ಕುತ್ತಿಗೆ ನಿಂತಿಲ್ಲವಂತೆ. ಚೀಟಿಯಲ್ಲಿದ್ದ ಕಾಯಿಲೆಯ ಹೆಸರು ಹಿಡಿದು ವೈದ್ಯಕೀಯದ ಕಪಾಟಿನಿಂದ ಪುಸ್ತಕ ತೆಗೆದು ಓದಿ ಹೇಳಿದೆ. ಡಾಕ್ಟರರು ಬರೆದ ಹೆಸರು ರೋಗ ಮೈಯಲ್ಲಿ ಎಲ್ಲಿದೆ ಎಂದು ಹೇಳುತ್ತಿತ್ತು, ನನ್ನ ಸಂಖ್ಯೆ ಪುಸ್ತಕ ಎಲ್ಲಿದೆ ಎಂದು.

“ಗೇರುಗುಡ್ಡೆಯ ಹುಳಕ್ಕೆ ಹೆಲಿಕಾಪ್ಟರಿನಲ್ಲಿ ಮದ್ದು ಬಿಡ್ತಾರಲ್ಲ ಸಾರ್, ಅದು ಇದರಲ್ಲಿ ಉಂಟಾ? ಇವಳು ಹೊಟ್ಟೆಯಲ್ಲಿದ್ದಾಗ ಹೆಂಡತಿ ಬಾವಿಕಟ್ಟೆಯಲ್ಲಿದ್ದಳು. ಆ ಮದ್ದು ಬಿದ್ದು ಮೈಯೆಲ್ಲ ಒದ್ದೆ ಆಗಿತ್ತು.”

“ಅದು ಕೃಷಿಯ ಕಪಾಟಲ್ಲಿ ಮಾರಾಯ್ರೆ,” ಎಂದು ಇನ್ನೊಂದು ಪುಸ್ತಕ ತಂದೆ. ಅದರಲ್ಲಿ ಹುಳ ಸಾಯುವ ವಿವರವಿತ್ತು, ಮಕ್ಕಳ ಸುದ್ದಿ ಇರಲಿಲ್ಲ.

ಅವರು ಎರಡೂ ಕಪಾಟುಗಳನ್ನು ನೋಡಿದರು. “ನಡುವಿನದ್ದು ಎಂತದ್ದು?”

“ಯಂತ್ರಗಳದ್ದು.”

“ಹೆಲಿಕಾಪ್ಟರು ಅದರಲ್ಲಿ ಬರ್ತದಾ?”

ಬರುತ್ತದೆ ಎಂದೆ. ಅವರು ಚೀಟಿ ಮಡಚಿ ಕಿಸೆಗೆ ಹಾಕಿಕೊಂಡು ಮೆಟ್ಟಿಲಿಳಿದರು.

ಆ ಮೂರು ಕಪಾಟುಗಳನ್ನೂ ಒಂದಕ್ಕೊಂದು ಸೇರದಂತೆ ಇಡುವುದಕ್ಕೇ ನನಗೆ ಸಂಬಳ ಬರುತ್ತಿದ್ದದ್ದು.